ಮೊದಲ ದೀಪಾವಳಿಯ ಹಡಗು

ಬೆಳಗಾವಿ
29-8-1994

ಮಡಗಾಂವದ ಸೀರೆ ವ್ಯಾಪಾರಸ್ಥರೂ ನಮ್ಮ ಪ್ರೀತಿಯ ಬೀಗರೂ ಆದ ಶ್ರೀ ಬಸವಂತಪ್ಪನವರಿಗೆ ಸಿದ್ರಾಮಪ್ಪನ ಶರಣಾರ್ಥಿಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿರುತ್ತೀರಿ ಎಂದು ತಿಳಿದಿದ್ದೇನೆ. ಮೀನಿನ ವಾಸನೆಯ ನಡುವೆ ನಮ್ಮ ಮಂದಿ ಹೇಗೆ ಊಟ ಮಾಡುತ್ತಾರೋ ಎಂದು ನಮ್ಮ ಮನೆಯವಳು ಗೌರವ್ವ ಆಗಾಗ ಮೂಗು ಮುರಿಯುತ್ತಾಳೆ. ಅಭ್ಯಾಸವಾದರೆ ಎಲ್ಲ ಆಗುತ್ತದೆ ಎಂದು ನಾನೇ ಅವಳಿಗೆ ಸಮಾಧಾನ ಹೇಳುತ್ತೇನೆ.

ನಿಮ್ಮ ಮಗಳು ಮಹಾನಂದಾ ಆರಾಮಾಗಿದ್ದಾಳೆ. ಮನೆಯ ರೀತಿ ರಿವಾಜು ಇನ್ನೂ ಕಲಿಯಬೇಕು. ಪಂಚಮಿಗೆ ಅವಳನ್ನು ತವರಿಗೆ ಕಳಿಸಲಿಲ್ಲವೆಂದು ನೀವು ಬೇಸರ ಮಾಡಿಕೊಂಡಿರಿ ಎಂದು ಕೇಳಿದೆ. ದೊಡ್ಡ ಮನೆ, ಬೆಲ್ಲ ತುಂಬಿಡುವ ವಖಾರಿ, ಹೋಗಿಬರುವ ಮಂದಿ. ಇವೆಲ್ಲ ಅಂಗಡಿಯ ಹಿಂದೆ ಎರಡು ಕೋಣೆ ಇದ್ದವರಿಗೆ ಬೇಗ ತಿಳಿಯುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಗ ರಾಚಪ್ಪನಿಗೆ ಇದು ಮದುವೆಯ ನಂತರದ ಮೊದಲ ದೀಪಾವಳಿ. ಅಳಿಯನನ್ನು ಕರೆದು ಎಣ್ಣೆ ನೀರು ಹಾಕಿ ಮರ್ಯಾದೆ ಮಾಡುವುದು ನಿಮ್ಮ ಕೆಲಸ, ಅದನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಹಿರಿಯ ಮಗನ ಬೀಗರು, ಹುಬ್ಬಳ್ಳಿಯವರು, ಮೊದಲ ದೀಪಾವಳಿಗೆ ನಮ್ಮನ್ನೆಲ್ಲ ಬಸ್ಸು ಮಾಡಿಸಿ ಊಟಿಗೆ ಕರೆದುಕೊಂಡು ಹೋಗಿದ್ದರು. ನಿಮ್ಮಿಂದ ಬಸ್ಸು ಕೇಳುವುದಿಲ್ಲ. ನಿಮ್ಮ ಊರಲ್ಲಿ ನೀರಿದೆ. ಮುರಗಾಂವ ಬಂದರಿನಿಂದ ಕೊಚ್ಚಿಗೆ ಹೋಗಿ ಬರುವ ಪ್ರವಾಸಿ ಹಡಗೊಂದು ಇದೆಯೆಂದು ರಾಚಪ್ಪ ಪೇಪರಿನಲ್ಲಿ ನೋಡಿದ್ದಾನೆ. ಒಳಗೇ ಮಲಗುವ ಕೋಣೆ, ಊಟ, ಹಾಡು ಎಲ್ಲ ಇದೆಯಂತೆ. ನಾವು ಎಂಟು ಮಂದಿ. ಪೂರ್ತಿ ಸಸ್ಯಾಹಾರ. ಲಿಂಗಪೂಜೆಗೆ ಸ್ವಚ್ಛ ಜಾಗ ಬೇಕು. ಕೋಣೆಯ ಕಿಟಕಿ ಸಮುದ್ರದ ಕಡೆಗೆ ಇರಲಿ.

ಮದುವೆಯ ಬುಂದಿ ಲಾಡು ಗಟ್ಟಿಯಾಗಿತ್ತೆಂದು ಗೌರವ್ವ ಇನ್ನೂ ಅನ್ನುತ್ತಾಳೆ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ನಿಮ್ಮ ಬೀಗ
ಸಿದ್ರಾಮಪ್ಪ


ಮಡಗಾಂವ
6-9-1994

ಪೂಜ್ಯ ಬೀಗರಾದ ಶ್ರೀ ಸಿದ್ರಾಮಪ್ಪನವರಿಗೆ, ಅಕ್ಕಾವರಾದ ಗೌರವ್ವನವರಿಗೆ ಬಸವಂತಪ್ಪ ಮತ್ತು ಕಾಶಮ್ಮ ಮಾಡುವ ಶರಣು.

ಪತ್ರ ತಲುಪಿತು. ಕಾಶಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೊದಲ ಸಲ ಮಗಳ ಹೆಸರು ಬಂದಾಗ ಅತ್ತಳು, ಎರಡನೇ ಸಲ ಲಾಡು ಬಂದಾಗ ಸಿಟ್ಟಾದಳು. ಹೆಂಗಸರ ಬುದ್ಧಿ, ಬಿಡಿ.

ಹಡಗಿನ ವಿಚಾರ ಕೇಳಿ ಸಂತೋಷವಾಯಿತು. ಇಷ್ಟು ವರ್ಷ ಸಮುದ್ರದ ಮಗ್ಗುಲಲ್ಲೇ ಇದ್ದೂ ನಾನು ಹಡಗು ಹತ್ತಿದವನಲ್ಲ. ಹೊಳೆ ದಾಟಿಸುವ ಫೆರಿಯಲ್ಲೇ ಕಂಬ ಹಿಡಿದು ಕಣ್ಣು ಮುಚ್ಚುವವನು. ಆದರೆ ನೀವು ಆಸೆಪಟ್ಟಿದ್ದೀರಿ. ವಾಸ್ಕೋದಲ್ಲಿ ಯಾಕೂಬ ಎಂಬ ಟಿಕೆಟ್ ಏಜೆಂಟನಿದ್ದಾನೆ, ಮೂಲ ನಮ್ಮ ಖಾನಾಪುರದ ಕಡೆಯವನು. ಅವನನ್ನು ಕೇಳಿ ಬಂದೆ. ನರಕ ಚತುರ್ದಶಿಯ ಎಣ್ಣೆ ನೀರು ನಮ್ಮ ಮನೆಯಲ್ಲಿ ಮುಗಿಸಿ, ಪಾಡ್ಯದ ಮರುದಿನ ಹಡಗು ಹತ್ತಬಹುದು.

ನಿಮ್ಮಲ್ಲಿ ನಮ್ಮದೊಂದೇ ಬೇಡಿಕೆ. ಮಹಾನಂದಾಳನ್ನು ಮಹಾನವಮಿಗೇ ಕಳಿಸಿಕೊಡಿ. ದೀಪಾವಳಿಯ ತನಕ ನಮ್ಮಲ್ಲಿ ಇರಲಿ, ಹಡಗಿನಿಂದ ಇಳಿದ ಮೇಲೆ ನಿಮ್ಮ ಜೊತೆಗೇ ಬರುತ್ತಾಳೆ. ಮದುವೆಯಾದಾಗಿನಿಂದ ಅವಳ ತಾಯಿ ಅವಳ ಮುಖ ನೋಡಿಲ್ಲ. ನಾನೂ ನೋಡಿಲ್ಲ. ಹಡಗು ಎಷ್ಟು ದೊಡ್ಡದಾದರೂ ಇರಲಿ, ಟಿಕೆಟು ಎಂಟಿರಲಿ ಹತ್ತಿರಲಿ, ನಮಗೆ ಬೇಕಾದದ್ದು ಇಷ್ಟೇ.

ಅವಳ ಕೈಯಿಂದ ಎರಡು ಸಾಲು ಬರೆಸಿದರೆ ಉಪಕಾರವಾಗುತ್ತದೆ.

ನಿಮ್ಮ ಆಜ್ಞಾಧಾರಕ ಬೀಗ
ಬಸವಂತಪ್ಪ


ಮಡಗಾಂವ
26-9-1994

ಬೀಗರಾದ ಸಿದ್ರಾಮಪ್ಪನವರಿಗೆ ಶರಣು.

ಹೋದ ಪತ್ರಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಜಗತ್ತೇ ಬೇರೆಯಾಯಿತು. ಸೂರತ್ತಿನಲ್ಲಿ ಪ್ಲೇಗ್ ಎದ್ದದ್ದನ್ನು ನೀವೂ ಪೇಪರಿನಲ್ಲಿ ಓದಿರಬೇಕು. ಊರಿಗೆ ಊರೇ ರೈಲು ಹತ್ತಿ ಓಡುತ್ತಿದೆಯಂತೆ. ಇಲ್ಲಿ ಮಡಗಾಂವದಲ್ಲಿ ಒಬ್ಬನಿಗೂ ರೋಗವಿಲ್ಲ, ಆದರೆ ಔಷಧದ ಅಂಗಡಿಯ ಮುಂದೆ ಸಿನಿಮಾ ಟಿಕೆಟಿನ ಹಾಗೆ ಸಾಲು. ನಮ್ಮ ಅಂಗಡಿಯ ಗೋಪಪ್ಪ ಕರ್ಪೂರದ ಪೊಟ್ಟಣ ಕೊರಳಿಗೆ ಕಟ್ಟಿಕೊಂಡು ಗಿರಾಕಿಗಳ ಮುಂದೆ ನಿಲ್ಲುತ್ತಾನೆ. ಅವನನ್ನು ನೋಡಿ ಬರುವವರೂ ಬರುವುದಿಲ್ಲ. ಯಾರಾದರೂ ಕೆಮ್ಮಿದರೆ ಬಸ್ಸಿನಲ್ಲಿ ಅವನ ಸುತ್ತ ನಾಲ್ಕು ಸೀಟು ಖಾಲಿ. ಜನ ಇಷ್ಟು ಹೇಡಿಗಳೆಂದು ನನಗೆ ಗೊತ್ತಿರಲಿಲ್ಲ. ಹಬ್ಬದ ವ್ಯಾಪಾರ ಸ್ವಲ್ಪ ನಿಧಾನ. ಅದರ ಕಾರಣ ಬರೆಯುವಂಥದ್ದೇನಲ್ಲ.

ಇಂಥ ವೇಳೆಯಲ್ಲಿ ಹಡಗು ಬೇಡ ಎಂದು ನನ್ನ ಅಭಿಪ್ರಾಯ. ಕಂಡು ಕೇಳದ ಮಂದಿಯ ಜೊತೆ ಒಂದೇ ಸೂರಿನ ಕೆಳಗೆ ದಿನಗಟ್ಟಲೆ ಇರಬೇಕು. ನಡುವೆ ಯಾರಿಗಾದರೂ ಜ್ವರ ಬಂದರೆ ಇಳಿದು ಹೋಗಲು ದಾರಿಯಿಲ್ಲ. ಈ ವರ್ಷ ನಮ್ಮ ಮನೆಯಲ್ಲೇ ಹಬ್ಬ ಮಾಡೋಣ. ಮುಂದಿನ ವರ್ಷ ಹಡಗನ್ನು ನಾನೇ ನೆನಪಿಟ್ಟು ಮಾಡಿಸುತ್ತೇನೆ. ಮಹಾನಂದಾಳನ್ನು ಮಾತ್ರ ಮಹಾನವಮಿಗೆ ಕಳಿಸುವುದನ್ನು ಮರೆಯಬೇಡಿ.

ನಿಮ್ಮವ
ಬಸವಂತಪ್ಪ


ಬೆಳಗಾವಿ
30-9-1994

ಬಸವಂತಪ್ಪನವರಿಗೆ,

ನಿಮ್ಮ ಪತ್ರವನ್ನು ಊಟಕ್ಕೆ ಕುಳಿತಾಗ ಎಲ್ಲರೆದುರು ಓದಿದೆ. ರಾಚಪ್ಪ ನಕ್ಕುಬಿಟ್ಟ. ನಾನು ನಗಲಿಲ್ಲ, ನನಗೆ ನಾಚಿಕೆಯಾಯಿತು.

ಬೀಗರೇ, ಕೈಯಲ್ಲಿ ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದು ಬರೆಯಿರಿ. ಸೂರತ್ತಿನ ಹೆಣಗಳನ್ನು ಅಡ್ಡ ತರಬೇಡಿ. ಸೂರತ್ತೆಲ್ಲಿ, ಮುರಗಾಂವ ಎಲ್ಲಿ, ಕೊಚ್ಚಿ ಎಲ್ಲಿ? ಗೋವೆಯಲ್ಲಿ ಇದ್ದು ಇದ್ದು ನಿಮ್ಮ ಧೈರ್ಯವೂ ಅಲ್ಲಿಯ ಪಾವ್ ಬ್ರೆಡ್ಡಿನಂತೆ ಮೆತ್ತಗಾಗಿದೆ.

ಪ್ಲೇಗನ್ನು ನೀವು ನನಗೆ ಕಲಿಸುವುದು ಬೇಡ. ನಮ್ಮ ಮನೆತನ ಅದನ್ನು ಕಣ್ಣಾರೆ ಕಂಡದ್ದು. ನಮ್ಮಜ್ಜನ ಕಾಲದಲ್ಲಿ ಪೇಟೆಯಲ್ಲಿ ಇಲಿ ಬೀಳಲು ಶುರುವಾದ ಕೂಡಲೇ ಊರು ಬಿಟ್ಟು ತೋಟದಲ್ಲಿ ಗುಡಿಸಲು ಹಾಕಿಕೊಂಡು ಕುಳಿತರು. ಊರಲ್ಲಿ ಉಳಿದವರು ಹೋದರು, ಗುಡಿಸಲಿಗೆ ಹೋದವರು ಉಳಿದರು. ಆದ್ದರಿಂದಲೇ ನಾನಿದ್ದೇನೆ. ಈಗ ಯೋಚಿಸಿ ನೋಡಿ, ಹಡಗೆಂದರೆ ಏನು? ನೀರಿನ ಮೇಲಿನ ಗುಡಿಸಲು. ನಾಲ್ಕೂ ಕಡೆ ಸಮುದ್ರ, ಊರಿನ ಗಾಳಿ ಸೋಂಕುವುದಿಲ್ಲ. ಪ್ಲೇಗಿನಲ್ಲಿ ಬುದ್ಧಿ ಇದ್ದವನು ಹಡಗು ಹತ್ತುತ್ತಾನೆ, ಬುದ್ಧಿ ಇಲ್ಲದವನು ಅಂಗಡಿಯಲ್ಲಿ ಕರ್ಪೂರ ಮೂಸುತ್ತಾನೆ.

ಸ್ಪಷ್ಟವಾಗಿ ಹೇಳುತ್ತೇನೆ. ಹಡಗು ಇದ್ದರೆ ದೀಪಾವಳಿಗೆ ಬರುತ್ತೇವೆ, ಸೊಸೆಯೂ ಬರುತ್ತಾಳೆ. ಹಡಗು ಇಲ್ಲದಿದ್ದರೆ ನಾವೂ ಬರುವುದಿಲ್ಲ, ಅವಳನ್ನು ಕಳಿಸುವ ಅಗತ್ಯವೂ ನನಗೆ ಕಾಣುವುದಿಲ್ಲ. ಮಹಾನವಮಿಗೆ ಕಳಿಸುವುದು ಹೇಗೂ ಆಗುವುದಿಲ್ಲ, ಮನೆಯಲ್ಲಿ ಕೆಲಸವಿದೆ.

ಸಿದ್ರಾಮಪ್ಪ


ಮಡಗಾಂವ
4-10-1994

ಬೀಗರಾದ ಸಿದ್ರಾಮಪ್ಪನವರಿಗೆ ಶರಣು.

ಹಡಗು ಮಾಡಿಸಿದೆ.

ನಿಮ್ಮ ಪತ್ರ ಬಂದ ದಿನವೇ ವಾಸ್ಕೋಗೆ ಹೋದೆ. ದಾರಿಯಲ್ಲಿ ದಾಬೋಲಿಮ್ ವಿಮಾನ ನಿಲ್ದಾಣದ ಮುಂದೆ ಟ್ಯಾಕ್ಸಿಯವರು ಇಸ್ಪೀಟು ಆಡುತ್ತಿದ್ದರು. ಬಿಳಿಯರು ಬರುವ ವಿಮಾನಗಳೆಲ್ಲ ರದ್ದಂತೆ. ಯಾಕೂಬನ ಆಫೀಸಿನಲ್ಲಿ ನೊಣ ಕೂಡ ಇರಲಿಲ್ಲ. ಅವನು ನನ್ನನ್ನು ನೋಡಿ ಎದ್ದು ನಿಂತು ಕುರ್ಚಿ ಒರೆಸಿದ. ಹಡಗು ಹತ್ತಬಹುದೇ ಎಂದು ಕೇಳಿದೆ. ಅವನ ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ.

“ಕಣ್ಣ ಮುಚ್ಚಿ ಬುಕ್ ಮಾಡ್ರಿ ಸಾವಕಾರ್ರ. ಬುಕ್ ಮಾಡಿದವರೆಲ್ಲಾ ಕ್ಯಾನ್ಸಲ್ ಮಾಡ್ಯಾರ. ಹಡಗದಾಗ ಮಂದೀನ ಇಲ್ಲಂದಮ್ಯಾಲೆ ರೋಗ ಯಾರಿಂದ ಬರತೈತ್ರಿ? ಇಂಥಾ ಸುರಕ್ಷಿತ ಹಡಗ ನಿಮಗ ಮತ್ತ ಸಿಗಂಗಿಲ್ಲ.”

ನಿಮ್ಮ ವಾದಕ್ಕೂ ಅವನ ವಾದಕ್ಕೂ ಬಹಳ ಹೊಂದಾಣಿಕೆ ಇದೆ. ನೀವಿಬ್ಬರೂ ಒಮ್ಮೆ ಭೇಟಿಯಾಗಬೇಕು. ಹಡಗು ಎಲ್ಲಿಂದ ಬರುತ್ತದೆ, ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ನಿಂತಿರುತ್ತದೆ ಎಂಬುದನ್ನೆಲ್ಲ ನಾನು ಕೆದಕಲು ಹೋಗಲಿಲ್ಲ. ನಿಮಗೆ ಹಡಗು ಬೇಕಾಗಿತ್ತು, ಸಮುದ್ರದ ಕಡೆಯ ಕಿಟಕಿಯ ಸಮೇತ ಸಿಕ್ಕಿದೆ.

ಮಹಾನವಮಿಗೆ ಮಗಳು ಬರದಿದ್ದರೂ ಉಡುಗೊರೆಯಾದರೂ ಹೋಗಲಿ ಎಂದು ಮನೆಯ ಹೆಂಗಸರಿಗೆಲ್ಲ ಸೀರೆ ಕಳಿಸಿದ್ದೇನೆ. ನಿಮ್ಮ ಬೆಲ್ಲ ತರುವ ಲಾರಿಯ ಡ್ರೈವರ್ ಮಲಿಕಸಾಬನ ಕೈಯಲ್ಲೇ ಗಂಟು ಕೊಟ್ಟಿದ್ದೇನೆ. ನೇರಳೆ ಅಂಚಿನದು ಗೌರವ್ವನವರಿಗೆ. ಹಸಿರು ಮಹಾನಂದಾಳಿಗೆ. ಅವಳು ಅದನ್ನು ಉಟ್ಟು ದೀಪಾವಳಿಗೆ ಬರಲಿ.

ಬಸವಂತಪ್ಪ


ಬೆಳಗಾವಿ
10-10-1994

ಬಸವಂತಪ್ಪನವರೇ,

ನಿಮ್ಮ ಪತ್ರವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಗಂಧಕದ ಹೊಗೆ ಕೊಟ್ಟು, ಆಮೇಲೆ ರಾಚಪ್ಪ ಇಕ್ಕಳದಲ್ಲಿ ಹಿಡಿದು ಓದಿದ. ನಾನು ದೂರ ಕುಳಿತು ಕೇಳಿದೆ. ಇನ್ನು ಮೇಲೆ ಕಾರ್ಡಿನಲ್ಲೇ ಬರೆಯಿರಿ. ಕವರಿನೊಳಗೆ ಏನು ಕುಳಿತಿರುತ್ತದೋ ಹೇಳಲಾಗದು.

ನೀವು ಇಷ್ಟು ನೀಚರು ಎಂದು ತಿಳಿದಿರಲಿಲ್ಲ. ಗಂಟು ಬಿಚ್ಚಿ ನೋಡಿದರೆ ಪ್ರತಿ ಸೀರೆಯ ಸೆರಗಿನ ಮೂಲೆಗೂ ಸೂರತ್ತಿನ ಮಿಲ್ಲಿನ ಮುದ್ರೆ! ಊರ ಮಂದಿ ಸೂರತ್ತಿನ ಹೆಸರು ಕೇಳಿ ಬಾಯಿಗೆ ಕರವಸ್ತ್ರ ಕಟ್ಟುವಾಗ ನೀವು ಸೂರತ್ತನ್ನೇ ಗಂಟು ಕಟ್ಟಿ ಬೀಗರ ಮನೆಗೆ ಕಳಿಸಿದ್ದೀರಿ. ಹಬ್ಬದ ವ್ಯಾಪಾರ ಯಾಕೆ ನಿಧಾನ ಎಂಬುದು ಈಗ ಗೊತ್ತಾಯಿತು. ಮಡಗಾಂವದಲ್ಲಿ ಯಾರೂ ಮುಟ್ಟದ ಮಾಲನ್ನು ನಮ್ಮ ಮೈಮೇಲೆ ಹೊದಿಸಲು ನೋಡಿದಿರಿ. ಎಲ್ಲವನ್ನೂ ಹಿತ್ತಲಲ್ಲಿ ಹಾಕಿ ಸುಡಿಸಿದ್ದೇನೆ.

ಹಡಗಿನ ಬಗೆಗೂ ವಿಚಾರಿಸಿದೆ. ಅದು ಮುಂಬಯಿಯಿಂದ ಬರುವ ಹಡಗು. ನಿಮಗೆ ಗೊತ್ತಿತ್ತು, ನೀವು ಮುಚ್ಚಿಟ್ಟಿರಿ. ಸೂರತ್ತಿನಿಂದ ಓಡಿದವರೆಲ್ಲ ಇಳಿಯುವುದು ಮುಂಬಯಿಯಲ್ಲೇ. ಆ ಹಡಗಿನ ಹಾಸಿಗೆಯ ಮೇಲೆ ನನ್ನ ಮೊಮ್ಮಕ್ಕಳನ್ನು ಮಲಗಿಸಬೇಕೆಂದು ಇದ್ದಿರಾ? ತಕ್ಷಣ ರದ್ದು ಮಾಡಿ. ನೀವಾಗಲಿ, ಕಾಶಮ್ಮನವರಾಗಲಿ ಹಬ್ಬದ ನೆಪ ಹೇಳಿಕೊಂಡು ನಮ್ಮ ಮನೆಯ ಕಡೆ ಬರಬಾರದು.

ನಿಮ್ಮ ಮಗಳ ಚಿಂತೆ ಬೇಡ. ಅವಳನ್ನು ಗಾಳಿ ಬೆಳಕು ಚೆನ್ನಾಗಿರುವ ಜಾಗದಲ್ಲಿ, ನಮ್ಮ ತೋಟದಲ್ಲಿ ಇಟ್ಟಿದ್ದೇವೆ. ನೋಡಿಕೊಳ್ಳಲು ಆಳಿನ ಹೆಂಡತಿ ಇದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಹೋಗುತ್ತದೆ.

ಸಿದ್ರಾಮಪ್ಪ


ಮಡಗಾಂವ
14-10-1994

ಬೀಗರಾದ ಸಿದ್ರಾಮಪ್ಪನವರಿಗೆ ಶರಣು.

ನಿಮ್ಮ ಅಪ್ಪಣೆಯಂತೆ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸಣ್ಣದು. ಬಿಸಿಲಿಗೆ ಹಾಕಿದಾಗ ಶಾಯಿ ಹಾರದಂತೆ ನೋಡಿಕೊಳ್ಳಿ.

ಸೀರೆ ಸೂರತ್ತಿನವೇ. ನನ್ನ ಅಂಗಡಿಯಲ್ಲಿರುವುದೆಲ್ಲ ಸೂರತ್ತಿನದೇ. ಮದುವೆಯಲ್ಲಿ ನಿಮ್ಮ ಮನೆಯವರು ಆರಿಸಿ ಆರಿಸಿ ತೆಗೆದುಕೊಂಡದ್ದೂ ಅದೇ. ಈ ಮಾಲು ಮಳೆಗಾಲಕ್ಕೆ ಮೊದಲೇ ಬಂದು ಕಪಾಟಿನಲ್ಲಿತ್ತು. ಕಪಾಟಿನಲ್ಲಿ ಕುಳಿತ ಸೀರೆಗೆ ಪ್ಲೇಗ್ ಬರುತ್ತದೆ ಎಂದು ತಿಳಿದ ಪಂಡಿತರು ನೀವೊಬ್ಬರೇ ಅಲ್ಲ, ಇಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಹಡಗು ಮುಂಬಯಿಯದು ಎಂಬುದನ್ನು ನಾನು ಮುಚ್ಚಿಟ್ಟದ್ದು ನಿಜ. ಹೇಳಿದ್ದರೆ ಮಗಳನ್ನು ಕಳಿಸುತ್ತಿರಲಿಲ್ಲ. ನನಗೆ ಬೇರೆ ದಾರಿ ಇರಲಿಲ್ಲ.

ಆದರೆ ಇವತ್ತು ನಿಮ್ಮ ಮೇಲೆ ಸಿಟ್ಟಿಲ್ಲ. ಮಹಾನಂದಾಳನ್ನು ತೋಟದಲ್ಲಿ ಇಟ್ಟಿದ್ದೀರೆಂದು ಓದಿ ಕಾಶಮ್ಮ ಕೈಮುಗಿದಳು. “ನೋಡ್ರಿ, ಮಾತು ಒರಟಾದ್ರೂ ಕರಳು ಮೆತ್ತಗಿದ್ದಂಗ ಐತಿ. ದೊಡ್ಡ ಮನಿ ಕೆಲಸ ಮಾಡಿ ದಣದಿರ್ತಾಳ ಕೂಸು, ನಾಕ ದಿನ ಆರಾಮ ಇರಲಿ” ಎಂದಳು. ಪೇಟೆಯ ಗದ್ದಲದಲ್ಲಿ ರೋಗದ ಭಯವಿರುವಾಗ ಮೊದಲು ಸೊಸೆಯನ್ನು ದೂರ ಕಳಿಸಬೇಕೆಂದು ನಿಮಗೆ ಹೊಳೆದದ್ದು ದೊಡ್ಡದು. ನಿಮ್ಮನ್ನು ನಾನು ತಪ್ಪು ತಿಳಿದಿದ್ದೆ. ತೋಟಕ್ಕೆ ನೀವೆಲ್ಲ ಯಾವಾಗ ಹೋಗುತ್ತೀರಿ? ಎರಡು ಸಾಲು ಬರೆಯಲು ಅವಳಿಗೆ ಹೇಳಿ. ಕಾರ್ಡು ಇಲ್ಲದಿದ್ದರೆ ಇಲ್ಲಿಂದ ಕಳಿಸುತ್ತೇನೆ.

ಹಡಗು ರದ್ದು ಮಾಡುತ್ತೇನೆ.

ನಿಮ್ಮ ಕೃತಜ್ಞ ಬೀಗ
ಬಸವಂತಪ್ಪ


ಬೆಳಗಾವಿ
21-10-1994

ಬೀಗರಾದ ಬಸವಂತಪ್ಪನವರಿಗೆ ಸಿದ್ರಾಮಪ್ಪನ ಶರಣಾರ್ಥಿಗಳು.

ಹೋದ ಪತ್ರದಲ್ಲಿ ನಾನು ಸ್ವಲ್ಪ ಬಿರುಸಾಗಿ ಬರೆದಿರಬಹುದು. ಹಿರಿಯರ ಮಾತು, ನೀವು ಹೊಟ್ಟೆಗೆ ಹಾಕಿಕೊಳ್ಳುವವರು.

ಪ್ಲೇಗಿನ ಗದ್ದಲ ಮುಗಿದ ಹಾಗೆ. ನಮ್ಮ ಡಾಕ್ಟರರು ನನ್ನ ಮಾತು ಕೇಳಿ ನಕ್ಕು, ಸೀರೆ ಸುಟ್ಟದ್ದು ಸುಮ್ಮನೆ ಹಾಳು ಎಂದರು. ಎಲ್ಲರಿಗೂ ಒಂದೊಂದು ಸಲ ತಪ್ಪಾಗುತ್ತದೆ. ಈ ನಡುವೆ ನಮ್ಮ ಪೇಟೆಯ ಎಣ್ಣೆ ವ್ಯಾಪಾರಿಯ ಮನೆಯವರು ದೀಪಾವಳಿಗೆ ಅದೇ ಹಡಗಿನಲ್ಲಿ ಹೋಗುತ್ತಾರೆಂದು ಸುದ್ದಿ ಬಂದಿದೆ. ಬೆಳಗಾವಿಯಿಂದ ಹಡಗು ಹತ್ತುವವರಲ್ಲಿ ನಾವೇ ಮೊದಲು ಎಂದು ರಾಚಪ್ಪ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದಾನೆ. ಈಗ ಹೋಗದಿದ್ದರೆ ಮುಖ ಉಳಿಯುವುದಿಲ್ಲ. ಆದ್ದರಿಂದ ಟಿಕೆಟು ಮತ್ತೆ ಮಾಡಿಸಿ. ಎಂಟೂ ಇರಲಿ. ಕಿಟಕಿ ಸಮುದ್ರದ ಕಡೆಗೆ.

ಮಹಾನಂದಾ ಆರಾಮಾಗಿದ್ದಾಳೆ. ಮನೆಯಲ್ಲಿ ಹಬ್ಬದ ತಯಾರಿಯಲ್ಲಿ ಮುಳುಗಿದ್ದಾಳೆ, ಆದ್ದರಿಂದ ಪತ್ರ ಬರೆಯಲು ಅವಳಿಗೆ ಪುರಸೊತ್ತು ಸಿಕ್ಕಿಲ್ಲ. ನಿಮ್ಮನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಿಮ್ಮ ಬೀಗ
ಸಿದ್ರಾಮಪ್ಪ


ಮಡಗಾಂವ
25-10-1994

ಸಿದ್ರಾಮಪ್ಪನವರೇ,

ಮಹಾನಂದಾ ಹಬ್ಬದ ತಯಾರಿಯಲ್ಲಿ ಮುಳುಗಿದ್ದಾಳೆ ಎಂದು ನೀವು ಬರೆದ ಹೊತ್ತಿಗೆ ಅವಳು ಇಲ್ಲಿ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳು ಬಂದು ಎರಡು ದಿನವಾಗಿತ್ತು.

ಒಂದೋ ನೀವು ಸುಳ್ಳು ಬರೆದಿರಿ. ಇಲ್ಲವೋ, ಆ ಎರಡು ದಿನ ನಿಮ್ಮ ಮನೆಯ ಒಂದು ನರಪಿಳ್ಳೆಯೂ ಅವಳನ್ನು ಇಟ್ಟಿದ್ದ ತೋಟದ ಗುಡಿಸಲಿನೊಳಗೆ ಇಣುಕಿ ನೋಡಲಿಲ್ಲ. ಯಾವುದು ನಿಜ ಎಂದು ದಯವಿಟ್ಟು ನನಗೆ ಬರೆಯಬೇಡಿ. ಎರಡರಲ್ಲಿ ಯಾವುದು ಹೆಚ್ಚು ಹೊಲಸು ಎಂದು ತೂಗಿ ನೋಡುವ ಆಸೆ ನನಗಿಲ್ಲ.

ನನಗೆ ಸುದ್ದಿ ತಂದವನು ಮಲಿಕಸಾಬ. ಬೆಲ್ಲ ಇಳಿಸಿ ಅಂಗಡಿಗೆ ಬಂದವನು ನೀರು ಕುಡಿದ, ಎದ್ದ, ಮತ್ತೆ ಕುಳಿತ. ಆಮೇಲೆ ಹೇಳಿದ: “ಸಾವಕಾರ್ರ, ಹೇಳಬೇಕೋ ಬ್ಯಾಡೋ ತಿಳೀವಲ್ದು. ಬೆಲ್ಲ ತುಂಬಾಕ ತ್ವಾಟಕ್ಕ ಹೋಗಿದ್ನಿ. ನಿಮ್ಮ ಮಗಳನ್ನ ಅಲ್ಲಿ ಗುಡಸಲದಾಗ ಇಟ್ಟಾರ್ರಿ. ಊಟದ ಡಬ್ಬಿ ಒಡ್ಡಿನ ಮ್ಯಾಲೆ ಇಟ್ಟು ಹೋಗ್ತಾರ. ಹತ್ತರ ಯಾರೂ ಬರಂಗಿಲ್ಲ. ಆ ಗಂಟ ನಾನ ಹೊತಗೊಂಡ ಹೋಗಿದ್ನಿ, ನನ್ನ ಕೈಯಾಗ ಚಾ ಕೊಟ್ರು. ಆಕೀನ ಹೊರಗ ಹಾಕ್ಯಾರ.”

ನಾನು ಹೊರಟೆ. ಬೆಳಗಾವಿಯಲ್ಲಿ ಇಳಿದು ನಿಮ್ಮ ಮನೆಗೆ ಬರಲಿಲ್ಲ, ನೇರವಾಗಿ ತೋಟಕ್ಕೆ ಹೋದೆ. ದಾರಿಯುದ್ದಕ್ಕೂ ನನಗೆ ನನ್ನ ಕಾರ್ಡೇ ನೆನಪಾಗುತ್ತಿತ್ತು. ನಿಮ್ಮ ಕರುಳು ಮೆತ್ತಗೆ ಎಂದು ಬರೆದಿದ್ದೆನಲ್ಲ, ಕೃತಜ್ಞ ಬೀಗ ಎಂದು ಸಹಿ ಹಾಕಿದ್ದೆನಲ್ಲ. ಅದನ್ನು ಇಕ್ಕಳದಲ್ಲಿ ಹಿಡಿದು ಓದಿ ನೀವೆಲ್ಲ ಎಷ್ಟು ನಕ್ಕಿರಬೇಕು.

ಮಹಾನಂದಾ ಗುಡಿಸಲಿನ ಮುಂದೆ ಕುಳಿತು ಆಳು ಹೊಳೆಪ್ಪನ ಹೆಂಡತಿ ಶಿವವ್ವನ ಜೊತೆ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಎರಡು ಹೆಜ್ಜೆ ಹಿಂದೆ ಸರಿದು “ಮುಟ್ಟಬ್ಯಾಡಪ್ಪ” ಎಂದಳು. ನನ್ನ ಮಗಳಿಗೆ ಇದನ್ನು ನೀವು ಕಲಿಸಿದ್ದೀರಿ. ಅವಳಿಗೆ ಜ್ವರವಿಲ್ಲ, ನೆಗಡಿಯೂ ಇಲ್ಲ. ನಾನು ಕೈಹಿಡಿದು ಹತ್ತಿರ ಎಳೆದುಕೊಂಡೆ, ಇಬ್ಬರೂ ಅತ್ತೆವು. ಶಿವವ್ವ ಆಚೆ ಮುಖ ತಿರುಗಿಸಿದಳು.

ನಿನಗೆ ಹೆದರಿಕೆಯಿಲ್ಲವೇ, ನಿನ್ನನ್ನು ಯಾಕೆ ಜೊತೆಗೆ ಬಿಟ್ಟರು ಎಂದು ಶಿವವ್ವನನ್ನು ಕೇಳಿದೆ. “ನನಗ್ಯಾವ ಪ್ಲೇಗರಿ ಎಪ್ಪಾ? ಅವರ ಲೆಕ್ಕದಾಗ ನಾ ಮೊದಲಿಂದನೂ ಹೊರಗಿನಾಕಿ” ಎಂದಳು. ನಿಮ್ಮ ಮನೆಯ ಬಗ್ಗೆ ನಾನು ಕೇಳಿದ ಮೊದಲ ಖರೇ ಮಾತು ಅದು.

ಉಳಿದದ್ದನ್ನೂ ಅವಳೇ ಹೇಳಿದಳು. ಗಂಟು ಬಿಚ್ಚಿದವರು ಗೌರವ್ವನವರು. ನೇರಳೆ ಅಂಚಿನ ಸೀರೆ ಉಟ್ಟು ಓಣಿಯ ನಾಲ್ಕು ಮನೆಗೆ ತೋರಿಸಿ ಬಂದವರೂ ಅವರೇ. ಮುದ್ರೆ ಕಣ್ಣಿಗೆ ಬಿದ್ದದ್ದು ಸಂಜೆಗೆ. ಉಟ್ಟವರು ಬಿಸಿನೀರು ಹಾಕಿಕೊಂಡು ಒಳಗೇ ಉಳಿದರು. ಮಡಿಕೆ ಕೂಡ ಬಿಚ್ಚದ ಹಸಿರು ಸೀರೆಯವಳನ್ನು ಗಾಡಿಯಲ್ಲಿ ಕೂರಿಸಿ ತೋಟಕ್ಕೆ ಅಟ್ಟಿದಿರಿ. ಸೀರೆಯಿಂದ ಬರುವ ಪ್ಲೇಗ್ ಉಟ್ಟವಳನ್ನು ಬಿಟ್ಟು ಸೊಸೆಯನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಯಾವ ಡಾಕ್ಟರರು ಹೇಳಿದರು?

ನಿಮ್ಮಜ್ಜನ ಗುಡಿಸಲಿನ ಕಥೆಯನ್ನು ನನಗೆ ಬರೆದಿದ್ದಿರಿ. ಆ ಕಾಲದ ಕಥೆಗಳು ನಮ್ಮ ಮನೆಯಲ್ಲೂ ಇವೆ, ಅವನ್ನು ನೀವು ಪೂರ್ತಿ ಕೇಳಿಸಿಕೊಂಡಿಲ್ಲ. ಇಲಿ ಬಿದ್ದರೆ ಮುದುಕರು, ಕೂಸುಗಳು, ದನಕರು ಸಹಿತ ಇಡೀ ಮನೆ ಖಾಲಿ ಮಾಡಿಕೊಂಡು ಎಲ್ಲರೂ ಒಟ್ಟಿಗೆ ಹೊಲಕ್ಕೆ ಹೋಗುತ್ತಿದ್ದರು. ಇಲಿಗಳಿದ್ದ ಮನೆಯನ್ನು ಬಿಡುತ್ತಿದ್ದರು, ಮನುಷ್ಯರನ್ನಲ್ಲ. ನೀವು ಬೆಲ್ಲದ ವಖಾರಿಯ ಇಲಿಗಳ ಜೊತೆ ಒಳಗೆ ಬಾಗಿಲು ಹಾಕಿಕೊಂಡು ಕುಳಿತಿರಿ, ಒಂದು ಹುಡುಗಿಯನ್ನು ಹೊರಗೆ ಹಾಕಿದಿರಿ. ನಿಜವಾದ ಪ್ಲೇಗ್ ಬಂದಿದ್ದರೆ ಆ ತೋಟದಲ್ಲಿ ಅವಳೊಬ್ಬಳು ಉಳಿಯುತ್ತಿದ್ದಳು, ನೀವೆಲ್ಲ ಹೋಗುತ್ತಿದ್ದಿರಿ. ಹಿರಿಯರ ಬುದ್ಧಿಯನ್ನು ಇಷ್ಟು ಚೆನ್ನಾಗಿ ತಲೆಕೆಳಗು ಮಾಡಿದ ಮನೆತನವನ್ನು ನಾನು ನೋಡಿಲ್ಲ.

ನಿಮ್ಮ ಮಗ ಗಂಡನೆಂಬ ಹೆಸರಿಗೆ ಎರಡು ಸಲ ಬಂದಿದ್ದನಂತೆ. ಒಡ್ಡಿನ ಆಚೆ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, “ಹಡಗಿನ ವಿಚಾರ ನಿಮ್ಮಪ್ಪ ಏನಂತಾನ?” ಎಂದು ಕೇಳಿದನಂತೆ. ಹೇಗಿದ್ದೀ ಎಂದು ಕೇಳಲಿಲ್ಲವಂತೆ. ಇಂಥ ಗಂಡಸಿಗೆ ನಾನು ಎಣ್ಣೆ ನೀರು ಹಾಕಬೇಕಿತ್ತು.

ಈಗ ಟಿಕೆಟಿನ ವಿಷಯ. ಮೊನ್ನೆ ನಿಮ್ಮ ಪತ್ರ ಬಂದಾಗ ಅದನ್ನು ಮಗಳ ಕೈಗೇ ಕೊಟ್ಟೆ. ಇಷ್ಟು ದಿನ ಅವಳ ವಿಷಯವನ್ನು ನಾವಿಬ್ಬರೇ ಬರೆದುಕೊಂಡೆವು, ಹಡಗು ಇದ್ದರೆ ಅವಳು, ಹಡಗು ಇಲ್ಲದಿದ್ದರೆ ಅವಳಿಲ್ಲ ಎಂದು. ನಾನೂ ಆ ವ್ಯಾಪಾರಕ್ಕೆ ಒಪ್ಪಿದ್ದೆ. ಏನು ಮಾಡಲಿ, ನೀನೇ ಹೇಳು ಎಂದೆ. ಓದಿ ಮಡಚಿದಳು. “ಮಾಡಸಪ್ಪ. ಎಂಟ ಅಲ್ಲ, ಏಳ ಮಾಡಸು” ಎಂದಳು.

ಏಳು ಮಾಡಿಸಿದ್ದೇನೆ. ಯಾಕೂಬ ಕಿಟಕಿ ಸಮುದ್ರದ ಕಡೆಗೇ ಕೊಟ್ಟಿದ್ದಾನೆ. ಟಿಕೆಟುಗಳು ಈ ಕವರಿನಲ್ಲಿವೆ. ಹೊಗೆ ಕೊಡುವಾಗ ಜೋಪಾನ, ಸುಟ್ಟರೆ ಮತ್ತೆ ಮಾಡಿಸುವುದಿಲ್ಲ. ಬಂದರಿಗೆ ನೇರವಾಗಿ ಹೋಗಿ, ನೇರವಾಗಿ ತಿರುಗಿ. ಮಡಗಾಂವಕ್ಕೆ ಬರುವ ಕೆಲಸವಿಲ್ಲ. ಅಳಿಯನ ಮೊದಲ ದೀಪಾವಳಿಯನ್ನು ನಾನು ನಡೆಸಿಕೊಟ್ಟೆ, ಎರಡನೆಯದು ಇರುವುದಿಲ್ಲ.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ ನಡೆದದ್ದನ್ನು ಬರೆಯದೆ ಇರಲಾರೆ. ಕಾಶಮ್ಮ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಆ ಕಾಡಿನಂಥ ಜಾಗದಲ್ಲಿ ಒಬ್ಬಳೇ ಎಷ್ಟು ಹೆದರಿದ್ದೆಯೋ ಕೂಸೇ ಎಂದು ಕೇಳಿದಳು. ಮಹಾನಂದಾ ಹೇಳಿದಳು:

“ಇಲ್ಲವ್ವ. ಅಲ್ಲಿ ಹೆದರಿಕಿ ಇರಲಿಲ್ಲ. ಲಗ್ನ ಆದಮ್ಯಾಲೆ ನಾ ನಿದ್ದಿ ಮಾಡಿದ್ದ ಅಲ್ಲೇ. ಅವರು ಯಾರೂ ಹತ್ತರ ಬರತಿರಲಿಲ್ಲಲ್ಲ.”

ಕಾಶಮ್ಮನ ಕೈ ಅಲ್ಲಿಗೇ ನಿಂತಿತು. ನಾನು ಹೊರಗೆ ಅಂಗಡಿಗೆ ಬಂದು ಕುಳಿತೆ, ಗಿರಾಕಿಗಳು ಕೇಳಿದ್ದಕ್ಕೆ ಏನು ಉತ್ತರ ಕೊಟ್ಟೆನೋ ತಿಳಿಯದು. ಆ ಮನೆಯೊಳಗೆ ಇಷ್ಟು ತಿಂಗಳು ಏನು ನಡೆಯಿತು ಎಂದು ನಾನಿನ್ನೂ ಕೇಳಿಲ್ಲ. ಕೇಳುತ್ತೇನೆ, ನಿಮ್ಮನ್ನಲ್ಲ, ಅವಳನ್ನು. ಅವಳಿಗೆ ಹೇಳಬೇಕು ಅನ್ನಿಸಿದ ದಿನ ಕೇಳುತ್ತೇನೆ. ಅದನ್ನು ಕೇಳಿದ ಮೇಲೆ ನಾನು ನಿಮಗೆ ಪತ್ರ ಬರೆಯುವುದಿಲ್ಲ, ನಾನೇ ಬರುತ್ತೇನೆ.

ಮಹಾನಂದಾಳ ತಂದೆ
ಬಸವಂತಪ್ಪ